ವಿಜ್ಞಾನ ಕಥೆಗೆ ನಮ್ಮ ಸಾಹಿತ್ಯದಲ್ಲಿ ಜಾಗ ಎಲ್ಲಿ?

ತುಂಗಾತೀರ

ನಾನು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮುಂದಿನ ಸೆಮಿಸ್ಟರ್‌ನಲ್ಲಿ ಐಚ್ಛಿಕ ಕನ್ನಡದ ಮಕ್ಕಳಿಗೆ ಭಾರತೀಯ ಭಾಷೆಗಳ ನಾಲ್ಕೈದು ವಿಜ್ಞಾನ ಕಥೆ ಓದಿಸೋಣ ಎಂದು ವಿಭಾಗದ ಸಭೆಯಲ್ಲಿ ಹೇಳಿದೆ. ಹಿರಿಯರೊಬ್ಬರು "ಅದು ಪಶ್ಚಿಮದ ಸರಕು, ನಮ್ಮಲ್ಲಿ ಅದಕ್ಕೆ ಬೇರಿಲ್ಲ. ಬೇಕಾದರೆ ಮಕ್ಕಳ ಸಾಹಿತ್ಯಕ್ಕೆ ಸೇರಿಸಿ" ಅಂದರು. ಇನ್ನೊಬ್ಬರು "ಪುಷ್ಪಕ ವಿಮಾನ ಇದೆಯಲ್ಲ, ಅಲ್ಲಿಂದಲೇ ಶುರುಮಾಡಿ" ಅಂದರು.

ಎರಡೂ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಪುಷ್ಪಕ ಹೇಗೆ ಹಾರುತ್ತದೆ, ಮನೆಗೊಂದು ಪುಷ್ಪಕ ಬಂದರೆ ಊರಿನ ಗತಿ ಏನು ಎಂದು ಪುರಾಣದಲ್ಲಿ ಯಾರೂ ಕೇಳುವುದಿಲ್ಲ. ಕೇಳಬೇಕಾಗಿಯೂ ಇಲ್ಲ, ಅದು ಬೇರೆ ಲೋಕ. ವಿಜ್ಞಾನ ಕಥೆ ಹುಟ್ಟುವುದೇ ಆ ಪ್ರಶ್ನೆಯಿಂದ. ಸಾಹಿತ್ಯವೆಂದೇ ತರಗತಿಯಲ್ಲಿ ಇಡಬಹುದಾದ ಕಥೆಗಳು ಯಾವುವು? ಓದಿರುವವರು ದಯವಿಟ್ಟು ಹೇಳಿ.

ಹಳೇಪುಸ್ತಕ

ಮೇಡಂ, ಬೇರಿಲ್ಲ ಅಂದವರಿಗೆ 1896 ಎಂದು ಹೇಳಿ. ಆ ವರ್ಷ ಬಂಗಾಳದಲ್ಲಿ 'ಕುಂತಲೀನ್' ಎಂಬ ತಲೆಗೂದಲ ಎಣ್ಣೆಯ ಹೆಸರಿನಲ್ಲಿ ಕಥಾಸ್ಪರ್ಧೆ ನಡೆಯಿತು. ಕಥೆಯಲ್ಲಿ ಎಲ್ಲಾದರೂ ಆ ಎಣ್ಣೆ ಬರಬೇಕು, ಆದರೆ ಜಾಹೀರಾತಿನಂತೆ ಕಾಣಬಾರದು. ಬಹುಮಾನ ಪಡೆದ ಕಥೆ ಜಗದೀಶಚಂದ್ರ ಬೋಸ್ ಅವರದು. ಕಲ್ಕತ್ತೆಗೆ ಅಪ್ಪಳಿಸಬೇಕಿದ್ದ ಚಂಡಮಾರುತ ಇದ್ದಕ್ಕಿದ್ದಂತೆ ಮಾಯವಾಗುತ್ತದೆ, ಹವಾಮಾನದವರಿಗೆ ಕಾರಣ ತಿಳಿಯುವುದಿಲ್ಲ. ಕೊನೆಗೆ ನೋಡಿದರೆ ಹಡಗಿನಲ್ಲಿದ್ದ ಒಬ್ಬ ಪ್ರಯಾಣಿಕ ಎಣ್ಣೆಯ ಸೀಸೆಯನ್ನು ಸಮುದ್ರಕ್ಕೆ ಸುರಿದಿರುತ್ತಾನೆ! ಎಣ್ಣೆಯ ಪದರ ನೀರಿನ ಮೇಲ್ಮೈ ಎಳೆತವನ್ನು ಕುಗ್ಗಿಸಿ ಅಲೆಯನ್ನು ತಣಿಸುತ್ತದೆ ಎಂಬ ನಿಜವಾದ ಭೌತಶಾಸ್ತ್ರವನ್ನೇ ಹಿಗ್ಗಿಸಿ ಬರೆದದ್ದು. ಇದನ್ನು ಬರೆದವರು ಪ್ರಯೋಗಾಲಯದಲ್ಲಿ ರೇಡಿಯೋ ಅಲೆಗಳ ಮೇಲೆ ಕೆಲಸ ಮಾಡುತ್ತಿದ್ದವರು. ಇದಕ್ಕಿಂತ ಬೇರು ಇನ್ನೇನು ಬೇಕು?

ಮಲ್ಲಿಗೆಹಂಬು

ನಾನಾದರೆ ಒಂದೇ ಕಥೆಗೆ ಎರಡು ವಾರ ಕೊಡುತ್ತಿದ್ದೆ: ಬಂಗಾಳದ ಲೇಖಕಿ ರೊಕೆಯಾ ಸಖಾವತ್ ಹುಸೇನ್ ಅವರ 'ಸುಲ್ತಾನಾಸ್ ಡ್ರೀಮ್'. 1905ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಬಂದದ್ದು, ಮೂಲ ಇಂಗ್ಲಿಷ್. ಆ ನಾಡಿನಲ್ಲಿ ಗಂಡಸರು ಮನೆಯೊಳಗೆ, ಹೆಂಗಸರು ಹೊರಗೆ. ಅಷ್ಟೇ ಆಗಿದ್ದರೆ ಬರೀ ಉಲ್ಟಾ ಕಥೆಯಾಗುತ್ತಿತ್ತು. ಆದರೆ ರೊಕೆಯಾ ಅಡುಗೆಮನೆಗೂ ಕರೆದೊಯ್ಯುತ್ತಾರೆ. ಅಲ್ಲಿ ಹೊಗೆಯಿಲ್ಲ, ಇದ್ದಿಲಿಲ್ಲ, ಬೆಂಕಿಯ ಸುಳಿವೇ ಇಲ್ಲ. ಅಡುಗೆ ಬೇಯುವುದು ಬಿಸಿಲಿನ ಶಾಖದಿಂದ. ಮಳೆಯ ನೀರನ್ನು ಬಲೂನಿನ ಮೂಲಕ ಮೇಲಿನಿಂದಲೇ ಇಳಿಸಿಕೊಳ್ಳುತ್ತಾರೆ. ಇವೆರಡನ್ನೂ ಕಂಡುಹಿಡಿಯುವುದು ಹೆಂಗಸರ ವಿಶ್ವವಿದ್ಯಾಲಯಗಳು. ಒಲೆ ಊದಿ ಕಣ್ಣು ಕೆಂಪಗಾದವರ ಮನೆಯ ಹುಡುಗಿಯರಿಗೆ ಇದನ್ನು ಓದಿಸಿ ನೋಡಿ, ತರಗತಿ ಸುಮ್ಮನೆ ಕೂರುವುದಿಲ್ಲ.

ನಡುರಾತ್ರಿ

ಮರಾಠಿಯನ್ನು ಬಿಡಬೇಡಿ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ 'ನಾರಾಯಣ ವಿನಾಯಕ ಜಗತಾಪ' ಎಂಬವರಿಂದ ಕಪ್ಪುಕುಳಿಯ ಕಥೆ ಬಂತು, ಬಹುಮಾನವೂ ಬಂತು. ಆ ಹೆಸರಿನ ಮೊದಲಕ್ಷರಗಳನ್ನು ತಿರುಗಿಸಿದರೆ ಖಗೋಳವಿಜ್ಞಾನಿ ಜಯಂತ ವಿಷ್ಣು ನಾರ್ಳೀಕರ್! ಅವರದೇ ಇನ್ನೊಂದು ಕಥೆಯಲ್ಲಿ ಎಡಕ್ಕೆ ಸೊಂಡಿಲಿದ್ದ ಗಣಪತಿ ಬಲಮುರಿಯಾಗುತ್ತಾನೆ. ಪವಾಡವಲ್ಲ, ವಸ್ತುವೊಂದು ಕನ್ನಡಿಯ ಬಿಂಬದಂತೆ ಪೂರ್ತಿ ಅದಲುಬದಲಾಗುವ ಜ್ಯಾಮಿತಿ. ಆದರೂ ಒಂದು ಸಂಗತಿ ನನ್ನನ್ನು ಕೊರೆಯುತ್ತದೆ. 2014ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಆತ್ಮಕಥೆಗೆ, ಈ ಕಥೆಗಳಿಗಲ್ಲ. ನಿಮ್ಮ ಸಭೆಯಲ್ಲಿ ಕೇಳಿದ್ದೂ ಅದೇ ದನಿ.

ತಪ್ಪು ವಿಮರ್ಶಕರದ್ದು ಮಾತ್ರ ಎನ್ನಲಾರೆ. ವಿಜ್ಞಾನ ಪ್ರಚಾರಕ್ಕೆಂದೇ ಬರೆದ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಒಬ್ಬ ಪ್ರೊಫೆಸರು ಮಾತಾಡುತ್ತಲೇ ಇರುತ್ತಾನೆ, ಉಳಿದವರು "ಹೌದಾ ಸರ್?" ಅನ್ನುತ್ತಾರೆ. ಅಂಥವನ್ನು ಆರಿಸಬೇಡಿ.

ಹಳೇಪುಸ್ತಕ

ಕನ್ನಡದಲ್ಲಿ ವಿಜ್ಞಾನ ಕಥೆಗಳನ್ನು ಬರೆದ ರಾಜಶೇಖರ ಭೂಸನೂರಮಠರು ಇದ್ದೇ ಇದ್ದಾರೆ. ತೇಜಸ್ವಿಯವರ 'ಕರ್ವಾಲೊ'ವನ್ನೂ ಇಡಬಹುದಲ್ಲವೇ?

ತುಂಗಾತೀರ

ಎಲ್ಲರಿಗೂ ನಮಸ್ಕಾರ, ಇಷ್ಟು ನಿರೀಕ್ಷಿಸಿರಲಿಲ್ಲ.

'ಕರ್ವಾಲೊ' ಬಗ್ಗೆ ನಾನೂ ತುಂಬಾ ಯೋಚಿಸಿದ್ದೇನೆ. 1980ರ ಆ ಕಾದಂಬರಿಯನ್ನು ವಿಜ್ಞಾನ ಕಥೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದರಲ್ಲಿ ಹುಡುಕಿ ಹೊರಡುವ ಹಾರುವ ಓತಿ ನಮ್ಮ ಮಲೆನಾಡಿನ ಕಾಡಿನಲ್ಲಿ ನಿಜಕ್ಕೂ ಇದೆ. ತೇಜಸ್ವಿ ಇನ್ನೂ ಇಲ್ಲದ ತಂತ್ರಜ್ಞಾನವನ್ನೋ ಬಾರದ ಕಾಲವನ್ನೋ ಊಹಿಸುತ್ತಿಲ್ಲ. ಆದರೆ ಮೂಡಿಗೆರೆಯ ಜೇನು ಸೊಸೈಟಿ, ಮಂದಣ್ಣನ ಮದುವೆ, ಬಿರಿಯಾನಿ ಕರಿಯಪ್ಪ, ಇವರ ನಡುವೆಯೇ ಒಬ್ಬ ವಿಜ್ಞಾನಿ ಓಡಾಡಬಹುದು, ಅವನ ಹುಡುಕಾಟಕ್ಕೆ ಊರವರೆಲ್ಲ ಪಾಲುದಾರರಾಗಬಹುದು ಎಂದು ಕನ್ನಡಕ್ಕೆ ತೋರಿಸಿಕೊಟ್ಟ ಪುಸ್ತಕ ಅದು. ಕನ್ನಡದಲ್ಲಿ ವಿಜ್ಞಾನ ಕಥೆ ಬರೆಯುವವರಿಗೆ ನೆಲ ಹದಮಾಡಿಟ್ಟಿದೆ. ಹಾಗಾಗಿ ಪಟ್ಟಿಯಲ್ಲಿ ಕೊನೆಗೆ ಇಡುತ್ತೇನೆ, ಹೋಲಿಸಿ ಜಗಳವಾಡಲಿ ಎಂದು.

ಶುರು ರೊಕೆಯಾ ಅವರಿಂದ. ಆಮೇಲೆ ಬೋಸ್, ನಾರ್ಳೀಕರ್ ಅವರ ಗಣಪತಿ, ಭೂಸನೂರಮಠರ ಒಂದು ಕಥೆ. ಆಂತರಿಕ ಅಂಕಕ್ಕೆ ಪ್ರಬಂಧದ ಬದಲು ಕಥೆ ಬರೆಸುತ್ತೇನೆ: ತಮ್ಮ ಊರಿನಲ್ಲಿ ಒಂದೇ ಒಂದು ಸಂಗತಿ ಬದಲಾಗಬೇಕು, ಉಳಿದದ್ದೆಲ್ಲ ಇದ್ದಂತೆಯೇ ಇರಬೇಕು. ಮಲ್ಲಿಗೆಹಂಬು ಅವರೇ, ರೊಕೆಯಾ ಕಥೆಗೆ ಒಳ್ಳೆಯ ಕನ್ನಡ ಅನುವಾದ ನಿಮ್ಮ ಹತ್ತಿರ ಇದ್ದರೆ ತಿಳಿಸಿ. ಇಲ್ಲದಿದ್ದರೆ ಈ ರಜೆಯಲ್ಲಿ ನಾನೇ ಕೂತು ಮಾಡುತ್ತೇನೆ.