ಓಟ್ಟೊ ಡಿಕ್ಸ್ ಯುದ್ಧದ ಪರವೋ, ವಿರೋಧವೋ?

ಪ್ರಶ್ನೆ – ಕುಂಜಿಬೆಟ್ಟಿನವ
ಮಂಗಳೂರಲ್ಲಿ ಚಿತ್ರಕಲೆ ಕಲಿಯುವ ನನ್ನ ಅಕ್ಕನ ಮಗ ಸೆಮಿನಾರಿಗೆ ಜರ್ಮನಿಯ ಓಟ್ಟೊ ಡಿಕ್ಸ್‌ನನ್ನು ಹಿಡಿದುಕೊಂಡಿದ್ದಾನೆ. ರಜೆಯಲ್ಲಿ ಬಂದವ 'ಸ್ಕಾಟ್ ಆಟಗಾರರು' (1920; ಸ್ಕಾಟ್ ಅಂದರೆ ಜರ್ಮನಿಯ ಒಂದು ಇಸ್ಪೀಟಾಟ) ಚಿತ್ರದ ದೊಡ್ಡ ಪ್ರಿಂಟ್ ತೆಗೆಸಿ ನಮ್ಮ ಚಾವಡಿಯಲ್ಲಿ ಅಂಟಿಸಿದ. ಮೈಯೆಲ್ಲ ಛಿದ್ರವಾದ ಮೂವರು ಮಾಜಿ ಸೈನಿಕರು ಇಸ್ಪೀಟು ಆಡುತ್ತಿದ್ದಾರೆ, ಒಬ್ಬನ ಎಲೆಗಳು ಕಾಲ್ಬೆರಳ ಸಂದಿಯಲ್ಲಿ! ನೆಂಟರು ಬಂದರೆ ಹೆಂಡತಿ ಅದರ ಮೇಲೆ ಕ್ಯಾಲೆಂಡರ್ ತೂಗಿಸುತ್ತಾಳೆ. ನನ್ನ ಮಂಡೆಬಿಸಿ ಬೇರೆಯೇ. ಡಿಕ್ಸ್ ಮೊದಲ ಮಹಾಯುದ್ಧದಲ್ಲಿ ತಾನಾಗಿ ಸೈನ್ಯಕ್ಕೆ ಸೇರಿದವನಂತೆ, ಐರನ್ ಕ್ರಾಸ್ ಪದಕವೂ ಉಂಟಂತೆ. ಮತ್ತೆ ಎಲ್ಲರೂ ಹೇಳುವ ಹಾಗೆ ಯುದ್ಧವಿರೋಧಿ ಹೇಗೆ?

ಉತ್ತರ – ಬಲ್ಮಠದ ಎಚಿಂಗ್‌ನವ
ಮಾರಾಯ್ರೆ, ಬಲಗಡೆಯವನ ಲೋಹದ ದವಡೆ ನೋಡಿದಿರಾ? ಅದರ ಮೇಲೆ ಡಿಕ್ಸ್ ತನ್ನದೇ ಫೋಟೋ ಅಂಟಿಸಿ, 'ಡಿಕ್ಸ್ ಬ್ರ್ಯಾಂಡ್' ಎಂದು ಜಾಹೀರಾತಿನ ಹಾಗೆ ಬರೆದಿದ್ದಾನೆ. ಅದೇ ಆಸಾಮಿಯ ಎದೆಯ ಮೇಲೆ ಐರನ್ ಕ್ರಾಸ್. ಮೇಜಿನ ಮೇಲಿನ ಎಲೆಗಳು ಸಹ ನಿಜವಾದ ಇಸ್ಪೀಟು ಎಲೆಗಳೇ, ಅಂಟಿಸಿದ್ದು. ಅಳು ಬರಿಸುವ ಉದ್ದೇಶ ಇದ್ದವ ಇಷ್ಟು ಕುಚೋದ್ಯ ಮಾಡುವುದಿಲ್ಲ.

ಮೆಷಿನ್‌ಗನ್ ಹಿಡಿದು 1916ರಲ್ಲಿ ಫ್ರಾನ್ಸಿನ ಸೋಮ್ ಕಾಳಗದಲ್ಲಿ ಇದ್ದವ ಅವ. ಎಲ್ಲವನ್ನೂ ಕಣ್ಣಾರೆ ಕಾಣಲೇಬೇಕಿತ್ತು ಎಂದು ಮುದುಕನಾದ ಮೇಲೂ ಹೇಳುತ್ತಿದ್ದ. ನನಗೆ ಆತ ಸಾಕ್ಷಿ, ಚಳವಳಿಗಾರ ಅಲ್ಲ.

ನಿಮ್ಮ ಅಳಿಯನಿಗೆ ಹೇಳಿ, 1924ರ 'ಯುದ್ಧ' ಮಾಲಿಕೆಯ 50 ಎಚಿಂಗ್‌ಗಳನ್ನು (ಲೋಹದ ತಗಡಿನ ಮೇಲಿನ ಗೆರೆಗಳನ್ನು ಆಸಿಡ್‌ನಿಂದ ಕೊರೆಸಿ ತೆಗೆದ ಅಚ್ಚುಗಳು) ಬಿಡಬಾರದು. ನಾನು ಸತುವಿನ ತಗಡಿನ ಮೇಲೆ ಕೆಲಸ ಮಾಡುವವ. ತಗಡು ಆಸಿಡ್‌ನಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂತರೆ ಗೆರೆಯ ಅಂಚು ಹರಿದು, ಪಕ್ಕದ ಜಾಗವೂ ಹೊಂಡ ಹೊಂಡ ಆಗುತ್ತದೆ. ನಾವು ಅದನ್ನು ಹಾಳಾಯಿತೆಂದು ಬಿಸಾಡುತ್ತೇವೆ. ಡಿಕ್ಸ್ ಹೆಣದ ಚರ್ಮಕ್ಕೆ, ಕೊಳೆತ ಮಣ್ಣಿಗೆ ಅದನ್ನೇ ಬಳಸಿದ. ಕೊಳೆಯುವುದನ್ನು ಬಿಡಿಸಿದ್ದಲ್ಲ, ತಗಡನ್ನೇ ಕೊಳೆಸಿದ್ದು. ಮೊಬೈಲಲ್ಲಿ ಇದು ಕಾಣಲಿಕ್ಕಿಲ್ಲ, ಒಳ್ಳೆಯ ಪುಸ್ತಕ ಬೇಕು.

ಉತ್ತರ – ಮಣಿಪಾಲದ ಓದುಗಿ
ನಿಮ್ಮ ಮನೆಯವರ ಕ್ಯಾಲೆಂಡರ್‌ಗೆ ಪೂರ್ವನಿದರ್ಶನ ಉಂಟು! ಡಿಕ್ಸ್‌ನ 'ಕಂದಕ' ಚಿತ್ರವನ್ನು ಕಲೋನ್‌ನ ಮ್ಯೂಸಿಯಂ ಪರದೆಯ ಹಿಂದೆ ಇಟ್ಟಿತ್ತು. ಗಲಾಟೆಯಾಗಿ ಕೊನೆಗೆ ವಾಪಸ್ಸು ಕಳಿಸಿದರು, ಆಗ ಅಲ್ಲಿನ ಮೇಯರ್ ಅಡೆನಾವರ್. ಈಗ ಆ ಚಿತ್ರದ ಪತ್ತೆಯೇ ಇಲ್ಲ. 1933ರಲ್ಲಿ ನಾಜಿಗಳು ಡ್ರೆಸ್ಡೆನ್ ಅಕಾಡೆಮಿಯ ಪ್ರಾಧ್ಯಾಪಕ ಕೆಲಸದಿಂದ ಅವನನ್ನು ತೆಗೆದುಹಾಕಿದರು. ಪರವೋ ವಿರೋಧವೋ ಎಂದು ಅವರಿಗೇನೂ ಗೊಂದಲ ಇರಲಿಲ್ಲ.

ಕುಂಜಿಬೆಟ್ಟಿನವ
ದವಡೆಯ ಫೋಟೋ ಈಗ ನೋಡಿದೆ, ಇಷ್ಟು ದಿನ ಕಂಡೇ ಇರಲಿಲ್ಲ. ಸೆಮಿನಾರಿಗೆ ಒಂದೇ ಚಿತ್ರ ಆಯ್ದುಕೊಳ್ಳುವುದಾದರೆ?

ಬಲ್ಮಠದ ಎಚಿಂಗ್‌ನವ
ಡ್ರೆಸ್ಡೆನ್‌ನಲ್ಲಿರುವ 'ಯುದ್ಧ', 1929ರಿಂದ 32ರ ತನಕ ಮಾಡಿದ್ದು. ಎಚಿಂಗ್ ಮಾಲಿಕೆಗೂ ಇದೇ ಹೆಸರು, ಗೊಂದಲ ಬೇಡ. ಹಳೇ ಇಗರ್ಜಿಯ ಪೀಠಚಿತ್ರದ ಹಾಗೆ ಮರದ ಹಲಗೆಗಳ ಮೇಲೆ, ನಡುವೆ ಒಂದು, ಆಚೀಚೆ ಎರಡು, ಕೆಳಗೊಂದು ಪಟ್ಟಿ. ಯೇಸು ಇರಬೇಕಾದ ನಡುವಿನ ಜಾಗದಲ್ಲಿ ಹೆಣಗಳ ರಾಶಿ. ಮೊದಲು ಮಂಗಳೂರಿನ ಅಲೋಶಿಯಸ್ ಚಾಪೆಲ್ಲಿಗೆ ಹೋಗಿ, ಇಟಲಿಯ ಮೊಸ್ಕೇನಿ ಗೋಡೆಯಲ್ಲಿ ಬಿಡಿಸಿದ ದೇವರ ಚಿತ್ರಗಳ ಎದುರು ಸ್ವಲ್ಪ ಹೊತ್ತು ಕೂರಲಿ. ದೇವರ ಚಿತ್ರ ನೋಡುವವನ ಕಣ್ಣನ್ನು ಎಲ್ಲಿಗೆ ಎಳೆಯುತ್ತದೆ ಎಂದು ಗೊತ್ತಾದ ಮೇಲೆ ಇದನ್ನು ತೆರೆಯಲಿ.