ಜಿಲ್ಲಾಧಿಕಾರಿಯವರು ಬರುವ ತನಕ ಯಾರು?

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಸಾಮಾನ್ಯವಾಗಿ ಲಗ್ನಪತ್ರಿಕೆ, ಗವಿಮಠದ ಜಾತ್ರೆಯ ಚಿತ್ರ, ದೊಡ್ಡವ್ವನ ಶುಭೋದಯ ಇವಿಷ್ಟೇ ಇರುತ್ತವೆ. ಈ ಭಾನುವಾರ ಮಾತ್ರ ಜಗಳವಾಯಿತು. ಓದುವಂತಿದೆ ಎಂದು ಇಲ್ಲಿ ಇಳಿಸಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ.

ವಿಜಯ (ಅಮೆರಿಕ): ನಾನು ವಾರಾಂತ್ಯದಲ್ಲಿ ಸ್ವಯಂಸೇವೆ ಮಾಡುವ ಆಂಬುಲೆನ್ಸ್ ತಂಡದ ಸೂಚನೆ ಇದು, ಚಿತ್ರ ಹಾಕಿದ್ದೇನೆ. ಅಪಘಾತ, ವಿಪತ್ತಿನ ಸ್ಥಳದಲ್ಲಿ ಯಾರು ಮುಖ್ಯಸ್ಥ, ಯಾರಿಗೆ ಯಾವ ಕೆಲಸ ಎಂದು ಗೊತ್ತುಮಾಡುವ ಘಟನಾ ನಿರ್ವಹಣಾ ವ್ಯವಸ್ಥೆಯ 100, 200, 700 ಎಂಬ ಪಾಠಗಳನ್ನು ಎಲ್ಲರೂ ಮುಗಿಸಲೇಬೇಕಂತೆ. ಮಹಾಂತೇಶ, ನಿಮ್ಮ ಆಂಬುಲೆನ್ಸಿನವರಿಗೆ ಹೇಗೆ?

ಮಹಾಂತೇಶ: ವಿಜಯಣ್ಣಾ, ರಾತ್ರಿ ಪಾಳಿ ಮುಗಿಸಿ ಈಗಷ್ಟೇ ಗಂಗಾವತಿಯಿಂದ ಬಂದೆ. ಕಣ್ಣು ಮುಚ್ಚುವ ಮೊದಲೇ ತರಬೇತಿಯ ಸುದ್ದಿ! ನನಗೆ ಗೊತ್ತಿರುವ ತರಬೇತಿ ಎಂದರೆ ರಜೆಯ ದಿನ ಕರೆದು, ಹಾಜರಿ ಪುಸ್ತಕದಲ್ಲಿ ಸಹಿ ಹಾಕಿಸಿ, ಚಹಾ ಬಿಸ್ಕತ್ತು ಕೊಟ್ಟು ಕಳುಹಿಸುವುದು. ಕಡ್ಡಾಯ ಮಾಡಿದರೆ ಇನ್ನೊಂದು ಸಹಿ ಹೆಚ್ಚಾಗುತ್ತದೆ.

ಬಸವರಾಜ ಕಾಕಾ: ಇದೇನೂ ಹೊಸದಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಇದೆ. ಅದರ ಮೇಲೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಇದೇ ವಿಷಯಕ್ಕೆ ಮಾರ್ಗಸೂಚಿ ಹೊರಡಿಸಿದೆ. ಜಿಲ್ಲೆಯ ಹೊಣೆ ಜಿಲ್ಲಾಧಿಕಾರಿಯದು. ಕಾರ್ಯಾಚರಣೆ, ಯೋಜನೆ, ಸರಬರಾಜು ಎಂದು ಮೂರು ವಿಭಾಗ, ಒಂದೊಂದಕ್ಕೂ ಒಬ್ಬ ಮುಖ್ಯಸ್ಥ. ಆಂಬುಲೆನ್ಸಿನ ಹುಡುಗರು ಹೇಳಿದಷ್ಟು ಮಾಡಿದರೆ ಸಾಕು. ಅವರಿಗೇಕೆ ಆಡಳಿತದ ಪಾಠ?

(ಕಾಕಾ ನಿವೃತ್ತ ಶಿರಸ್ತೇದಾರರು. ಸುತ್ತೋಲೆ ಇದ್ದ ಮೇಲೆ ಕೆಲಸ ಆದಂತೆಯೇ ಎಂಬುದು ಅವರ ನಂಬಿಕೆ.)

ಶೈಲಾ: ಕಾಕಾ, ಜಿಲ್ಲಾಧಿಕಾರಿಯವರು ಬರುವ ತನಕ ಯಾರು? ಅವರಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಗಾಯಾಳುಗಳು ಅರ್ಧ ಜಿಲ್ಲೆ ದಾಟಿರುತ್ತಾರೆ. ನಮ್ಮ ಕಾರ್ಖಾನೆಯ ಸುರಕ್ಷಾ ವಿಭಾಗದಲ್ಲಿ ಮೊದಲು ಹೇಳಿಕೊಡುವುದೇ ಇದನ್ನು. ಸ್ಥಳಕ್ಕೆ ಮೊದಲು ಮುಟ್ಟಿದವನೇ ಮುಖ್ಯಸ್ಥ. ತನಗಿಂತ ಹೆಚ್ಚು ತಿಳಿದವರು ಬಂದು "ಇನ್ನು ನಾನು ನೋಡಿಕೊಳ್ಳುತ್ತೇನೆ" ಎಂದು ಬಾಯಿಬಿಟ್ಟು ಹೇಳುವವರೆಗೂ ಅವನೇ.

ವಿಜಯ: ಈ ಪದ್ಧತಿ ಹುಟ್ಟಿದ್ದೂ ಅಂಥ ಗೊಂದಲದಿಂದಲೇ. 1970ರಲ್ಲಿ ಕ್ಯಾಲಿಫೋರ್ನಿಯಾದ ಕಾಳ್ಗಿಚ್ಚಿನಲ್ಲಿ 13 ದಿನಗಳಲ್ಲಿ 16 ಜನ ಸತ್ತರು, 700ರಷ್ಟು ಕಟ್ಟಡಗಳು ಸುಟ್ಟವು. ಆಳು, ವಾಹನ ಇರಲಿಲ್ಲವೆಂದಲ್ಲ. ಒಂದು ದಳದ ರೇಡಿಯೋ ಇನ್ನೊಂದಕ್ಕೆ ಕೇಳಿಸುತ್ತಿರಲಿಲ್ಲ, ಯಾರ ಮಾತನ್ನು ಯಾರು ಕೇಳಬೇಕೆಂಬುದೇ ತೀರ್ಮಾನವಾಗಿರಲಿಲ್ಲ. ಆಮೇಲೆ ಕಟ್ಟಿದ ನಿಯಮಗಳು ಬಹಳ ಸರಳ. ಒಬ್ಬನ ಕೈಕೆಳಗೆ ಮೂರರಿಂದ ಏಳು ಜನ, ಐವರಿದ್ದರೆ ಉತ್ತಮ. ಬೇರೆ ಬೇರೆ ಇಲಾಖೆಗಳು ಸೇರಿದಾಗ ಸಂಕೇತ ಸಂಖ್ಯೆ ಬೇಡ, ಎಲ್ಲರಿಗೂ ತಿಳಿಯುವ ಮಾತಿನಲ್ಲೇ ಹೇಳಬೇಕು.

ಮಹಾಂತೇಶ: ಓದಲು ಚೆನ್ನಾಗಿದೆ. ನಾನು ಕಂಡದ್ದನ್ನು ಹೇಳುತ್ತೇನೆ, ಕೇಳಿ. ಭತ್ತದ ನಾಟಿಗೆ ಹೊರಟ ಹೆಣ್ಣುಮಕ್ಕಳ ಟ್ರ್ಯಾಕ್ಟರ್ ಕಾಲುವೆಯ ಪಕ್ಕ ಮಗುಚಿತ್ತು. ನಾನು ಹಿಂದಿನ ಬಾಗಿಲು ತೆಗೆದಿದ್ದೇ ತಡ, ಕೈ ತರಚಿದವರು, ಕಾಲು ಉಳುಕಿದವರು, ಅವರ ಅಕ್ಕತಂಗಿಯರು ಎಲ್ಲರೂ ಹತ್ತಿ ಕುಳಿತರು. ಟ್ರೇಲರಿನ ಹಲಗೆಯ ಕೆಳಗೆ ಒಬ್ಬಾಕೆ ಸದ್ದಿಲ್ಲದೆ ಬಿದ್ದಿದ್ದಳು. ಕೆಸರು ಮೆತ್ತಿದ ಸೀರೆಯ ಅಂಚು ಮಾತ್ರ ಕಾಣುತ್ತಿತ್ತು. ಅವಳನ್ನು ತೋರಿಸಿ ಒಳಗಿದ್ದವರನ್ನು ಇಳಿಯಿರಿ ಎಂದರೆ, "ಮೊದಲು ಗಾಡಿ ಬಿಡೋ" ಎಂದು ಊರಿನವರು ಬಾನೆಟ್ಟಿಗೆ ಗುದ್ದಿದರು. ಎರಡನೆಯ ಆಂಬುಲೆನ್ಸ್ ಬಂದ ಮೇಲೆಯೇ ಅವಳು ಹೊರಟದ್ದು. ಎರಡೂ ಗಾಡಿಗಳು ಒಂದೇ ಆಸ್ಪತ್ರೆಯ ಬಾಗಿಲಲ್ಲಿ ನಿಂತವು, ಒಳಗೆ ಇದ್ದವರು ಒಬ್ಬರೇ ವೈದ್ಯರು. ಈಗ ಹೇಳಿ, ನನಗೆ ಯಾವ ಪಾಠ ಕಡಿಮೆಯಾಗಿತ್ತು?

ದೊಡ್ಡವ್ವ: ಆ ಹೆಣ್ಣುಮಗಳು ಉಳಿದಳೇನಪ್ಪಾ?

ಮಹಾಂತೇಶ: ಉಳಿದಳು ದೊಡ್ಡವ್ವಾ.

ಶೈಲಾ: ತಮ್ಮಾ, ನೀನು ಹೇಳಿದ್ದೇ ಪಾಠದ ಮೊದಲ ಪುಟ. ಮೊದಲ ಗಾಡಿ ಯಾರನ್ನೂ ಹೊತ್ತು ಓಡಬಾರದು. ಒಬ್ಬ ಸುತ್ತ ನೋಡಿ ಎಷ್ಟು ಜನ, ಏನು ಅಪಾಯ, ಇನ್ನೆಷ್ಟು ಗಾಡಿ ಬೇಕು ಎಂದು ತಿಳಿಸಬೇಕು. ಇನ್ನೊಬ್ಬ, ನಡೆಯಬಲ್ಲವರನ್ನು ಪಕ್ಕಕ್ಕೆ ಕರೆದು ಹಸಿರು ಪಟ್ಟಿ ಕಟ್ಟಿ, ಉಳಿದವರ ಬಳಿಗೆ ಹೋಗಬೇಕು. ಉಸಿರಾಟ ನಿಮಿಷಕ್ಕೆ 30 ದಾಟಿದೆಯೇ, ಉಗುರು ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಕೆಂಪು ಮರಳುತ್ತದೆಯೇ, "ಕೈ ಎತ್ತಿ" ಎಂದರೆ ಎತ್ತುತ್ತಾರೆಯೇ? ಒಂದರಲ್ಲಿ ತಪ್ಪಿದರೂ ಕೆಂಪು ಪಟ್ಟಿ. ಕೆಂಪು ಪಟ್ಟಿಯವರು ಮೊದಲು.

ಮಹಾಂತೇಶ: ಅಕ್ಕಾ, ಕಾರ್ಖಾನೆಯ ಗೇಟಿನೊಳಗೆ ನಿನ್ನ ಮಾತು ನಡೆಯುತ್ತದೆ. ರಸ್ತೆಯಲ್ಲಿ ನಾನು ನಿಂತು ಎಣಿಸಿದರೆ "ಜನ ಸಾಯುತ್ತಿದ್ದರೆ ಲೆಕ್ಕ ಬರೆಯುತ್ತಾನೆ" ಎಂದು ಹೊಡೆಯುತ್ತಾರೆ, ಅದರ ವಿಡಿಯೋ ಈ ಗುಂಪಿಗೂ ಬರುತ್ತದೆ. ಪ್ರಮಾಣಪತ್ರ ತೋರಿಸಿದರೆ ಬಿಡುತ್ತಾರೆಯೇ?

(ಇದಕ್ಕೆ ಬಹಳ ಹೊತ್ತು ಯಾರೂ ಉತ್ತರ ಕೊಡಲಿಲ್ಲ. ನನ್ನ ಪ್ರಕಾರ ಇಡೀ ಜಗಳದಲ್ಲಿ ತೂಕದ ಮಾತು ಇದೊಂದೇ.)

ವಿಜಯ: ನಿಜ ಹೇಳಬೇಕೆಂದರೆ ಇಲ್ಲಿಯೂ ಕಡ್ಡಾಯವಾದದ್ದು ದುಡ್ಡಿನ ಬಲದಿಂದ. 2003ರ ಫೆಬ್ರುವರಿಯಲ್ಲಿ ಅಧ್ಯಕ್ಷರ ನಿರ್ದೇಶನ ಬಂತು. ಈ ಪದ್ಧತಿಯನ್ನು ಒಪ್ಪದ ರಾಜ್ಯ, ಊರುಗಳಿಗೆ ಕೇಂದ್ರದ ಸನ್ನದ್ಧತಾ ಅನುದಾನವಿಲ್ಲ ಎಂದರು. ಆರಂಭದ ಪಾಠಗಳು ಅಂತರ್ಜಾಲದಲ್ಲಿ ಉಚಿತ, ಮನೆಯಲ್ಲೇ ಕುಳಿತು ಪರೀಕ್ಷೆ. ಟಿವಿ ನೋಡುತ್ತಾ ಮುಗಿಸಿದವರನ್ನು ನಾನೇ ಬಲ್ಲೆ. ಮೇಲಿನ ಹಂತದ 300, 400ಕ್ಕೆ ಮಾತ್ರ ತರಗತಿಗೆ ಹೋಗಿ ಕೂರಬೇಕು.

ಮಹಾಂತೇಶ: ನೋಡಿದಿರಾ! ಅಲ್ಲಿಯೂ ಸಹಿಯೇ.

ಬಸವರಾಜ ಕಾಕಾ: ಹಾಗೆಂದು ಪದ್ಧತಿಯೇ ಬೇಡವೆಂದರೆ ಹೇಗೆ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೆಯ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ನೆನಪಿದೆಯೇ? ಜಲಾಶಯಕ್ಕೆ ಮಂಡಳಿ ಒಂದು, ನೀರಿಗೆ ರಾಜ್ಯ ಮೂರು, ನದಿದಂಡೆಗೆ ಜಿಲ್ಲೆ ಹಲವು. ಉಳಿದ ಗೇಟುಗಳನ್ನು ತೆರೆದು ನೀರು ಬಿಡುತ್ತಿದ್ದಾಗ ನಮ್ಮ ಗುಂಪಿನಲ್ಲಿಯೇ ಎಷ್ಟು ತರಹದ ಸುದ್ದಿ ಓಡಾಡಿತು! ಯಾರ ಮಾತು ಕೊನೆಯ ಮಾತು ಎಂಬುದು ಮೊದಲೇ ಗೊತ್ತಿರಬೇಕು.

ಶೈಲಾ: ಹಾಗಾದರೆ ಕಾಕಾ, ಬೆಳಿಗ್ಗೆ ನೀವು ಹೇಳಿದ್ದನ್ನು ನೀವೇ ಬಿಟ್ಟುಕೊಟ್ಟಿರಿ. ಕೊನೆಯ ಮಾತು ಯಾರದು ಎಂದು ಮಹಾಂತೇಶನಿಗೂ ಗೊತ್ತಿರಬೇಕಲ್ಲವೇ? ಕಡ್ಡಾಯ ಮಾಡುವುದಾದರೆ ಠಾಣೆಯ ಪೊಲೀಸರಿಗೂ ಮಾಡಲಿ. ಬಾನೆಟ್ಟಿನ ಮುಂದಿನ ಜನರನ್ನು ಸರಿಸುವವರು ಅವರು. ಆಸ್ಪತ್ರೆಯ ತುರ್ತು ವಿಭಾಗಕ್ಕೂ ಮಾಡಲಿ, ಯಾವ ಗಾಡಿ ಎಲ್ಲಿಗೆ ಎಂದು ಹಂಚಬೇಕಾದರೆ ಎಲ್ಲಿ ಎಷ್ಟು ಹಾಸಿಗೆ ಇದೆ ಎಂದು ಹೇಳುವವರು ಬೇಕು.

ಮಹಾಂತೇಶ: ಪೊಲೀಸರೊಂದಿಗೆ, ಹಗಲಿನಲ್ಲಿ, ಪಾಳಿಯ ಸಂಬಳದ ಮೇಲೆ, ರಸ್ತೆಯಲ್ಲೇ ನಿಲ್ಲಿಸಿ ಕಲಿಸಿದರೆ ನಾನು ಮೊದಲ ಸಾಲಿನಲ್ಲಿ ಇರುತ್ತೇನೆ. ರಜೆಯ ದಿನ ಪರದೆ ನೋಡಲು ಕರೆದರೆ ಬರುವುದಿಲ್ಲ.

ಶೈಲಾ: ಜಾತ್ರೆಯಲ್ಲೇ ಮಾಡಬಹುದು. ಲಕ್ಷಗಟ್ಟಲೆ ಜನ ಸೇರುತ್ತಾರೆ, ಪೊಲೀಸ್, ಅಗ್ನಿಶಾಮಕ, ಆರೋಗ್ಯ ಇಲಾಖೆ ಎಲ್ಲವೂ ಹೇಗೂ ಅಲ್ಲಿಯೇ ಇರುತ್ತವೆ. ಈ ಪದ್ಧತಿ ಅಪಘಾತಕ್ಕೆ ಮಾತ್ರವಲ್ಲ, ಮೊದಲೇ ಗೊತ್ತಿರುವ ಜನಸಂದಣಿಗೂ ಬಳಸುವಂಥದ್ದು. ರಥೋತ್ಸವದ ಹಿಂದಿನ ದಿನ ಒಂದು ಅಣಕು ಕಾರ್ಯಾಚರಣೆ ಸಾಕು.

ಬಸವರಾಜ ಕಾಕಾ: ಅರ್ಜಿ ನಾನು ಬರೆಯುತ್ತೇನೆ. ಜಿಲ್ಲಾಧಿಕಾರಿಗಳಿಗೆ, ಪ್ರತಿ ಪೊಲೀಸ್ ವರಿಷ್ಠಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ. ಮಹಾಂತೇಶ, ಟ್ರ್ಯಾಕ್ಟರಿನ ಪ್ರಸಂಗವನ್ನೂ ಸೇರಿಸಲೇ?

ಮಹಾಂತೇಶ: ಸೇರಿಸಿ ಕಾಕಾ. ಊರು, ಆಸ್ಪತ್ರೆ, ನನ್ನ ಹೆಸರು ಮೂರೂ ಬೇಡ. ನಾನು ಗುತ್ತಿಗೆ ನೌಕರ.