ಸತ್ತ ಮಂಗನಿಗೆ ಗುಡಿ ಕಟ್ಟಲು ಪಂಚಾಯಿತಿ ದುಡ್ಡು: ಬೇಡ ಅಂದರೆ ನಾಸ್ತಿಕಳಾ?

ಹಿನ್ನೀರಿನ ಅಕ್ಕ (ಸಾಗರ ತಾಲೂಕು)

ನಾನು ಗ್ರಾಮ ಪಂಚಾಯಿತಿ ಸದಸ್ಯೆ. ಶರಾವತಿ ಹಿನ್ನೀರಿನ ಕಡೆಯ ಊರು, ಹೆಸರು ಬೇಡ.

ಶಿವರಾತ್ರಿಗೆ ಸ್ವಲ್ಪ ಮುಂಚೆ ಬಸ್ ಸ್ಟಾಪಿನ ಹಿಂದೆ ಒಂದು ಮಂಗ ಸತ್ತು ಬಿದ್ದಿತ್ತು. ನಮ್ಮ ಆಶಾ ಕಾರ್ಯಕರ್ತೆ ಫೋನ್ ಮಾಡಿ, "ಯಾರನ್ನೂ ಹತ್ತಿರ ಬಿಡಬೇಡಿ ಅಕ್ಕ, ಮಂಗನ ಕಾಯಿಲೆ ಇರಬಹುದು, ಆಸ್ಪತ್ರೆಗೆ ಹೇಳಿದ್ದೀನಿ" ಅಂದಳು. ಆಸ್ಪತ್ರೆಯವರು ಬರುವುದರೊಳಗೆ ಊರಿನ ಒಬ್ಬ ಮುಖಂಡರು ಬಂದರು. ಮುಂದಿನ ಚುನಾವಣೆಗೆ ನಿಲ್ಲುವ ಆಸೆ ಅವರಿಗೆ, ಅದು ಎಲ್ಲರಿಗೂ ಗೊತ್ತಿರುವ ವಿಷಯ. ಮಂಗನಿಗೆ ಅರಿಶಿನ ಕುಂಕುಮ ಹಚ್ಚಿದರು, ಚಟ್ಟ ಕಟ್ಟಿಸಿದರು, ಡೊಳ್ಳಿನವರನ್ನು ಕರೆಸಿದರು. ಶಾಲೆ ಬಿಡುವ ಹೊತ್ತು ಬೇರೆ. ಮಕ್ಕಳೆಲ್ಲ ಮೆರವಣಿಗೆಯ ಹಿಂದೆ. ಸ್ಯಾಂಪಲ್ ತೆಗೆಯಲು ಜೀಪಿನಲ್ಲಿ ಬಂದವರಿಗೆ "ಹನುಮಂತನ ಮೈ ಕೊಯ್ಯಲು ಬಂದಿರಾ?" ಅಂತ ಗಲಾಟೆ ಮಾಡಿ ವಾಪಸ್ ಕಳಿಸಿದರು. ಸಂಜೆಗೆ ಮುಖಂಡರ ಫೋಟೋ ಎಲ್ಲ ವಾಟ್ಸಾಪ್ ಗ್ರೂಪಿನಲ್ಲೂ ಬಂತು. ಮಂಗನಿಗಿಂತ ಅವರೇ ಜಾಸ್ತಿ ಕಾಣುತ್ತಿದ್ದರು, ಬಿಡಿ.

ಈಗ ಹೂತ ಜಾಗದಲ್ಲಿ ಆಂಜನೇಯನ ಗುಡಿ ಆಗಬೇಕಂತೆ, ಅದಕ್ಕೆ ಪಂಚಾಯಿತಿ ದುಡ್ಡು ಕೊಡಬೇಕಂತೆ. ರಸ್ತೆ ಪಕ್ಕದ ಸರ್ಕಾರಿ ಜಾಗ ಅದು. ನಾನು ಬೇಡ ಅಂದೆ. ಅವತ್ತಿನಿಂದ "ಅಕ್ಕ ನಾಸ್ತಿಕರಾಗಿದ್ದಾರೆ" ಅಂತ ಸುದ್ದಿ. ನಾನು ಶನಿವಾರ ಒಪ್ಪೊತ್ತು ಮಾಡುವವಳು ಮಾರಾಯ್ರೇ! ದೇವರ ಮೇಲೆ ನನಗೆ ತಕರಾರಿಲ್ಲ. ಪಂಚಾಯಿತಿಯಲ್ಲಿ ಕೂತು ನಾನು ನೋಡಬೇಕಾದದ್ದು ಊರಿನ ಜನರ ಜೀವ, ಅಷ್ಟೇ. ಮುಂದಿನ ಸಭೆಯಲ್ಲಿ ಇದನ್ನು ಹೇಗೆ ಹೇಳಲಿ? ಅನುಭವ ಇದ್ದವರು ತಿಳಿಸಿ.

ದರಗಿನ ದಾರಿ

ಅಕ್ಕ, ನಾನೂ ಆಶಾ ಕಾರ್ಯಕರ್ತೆಯೇ, ತೀರ್ಥಹಳ್ಳಿ ಕಡೆ. ಓದಿ ಮೈ ಜುಂ ಅಂತು. ಮೊದಲು ಒಂದು ವಿಷಯ ಕೇಳಿ. ಆ ಮಂಗ ಕಾಯಿಲೆಯಿಂದಲೇ ಸತ್ತಿತಾ ಅನ್ನೋದು ಈಗ ಯಾರಿಗೂ ಗೊತ್ತಾಗೋದಿಲ್ಲ. ಸ್ಯಾಂಪಲ್ ತೆಗೆಯೋದೇ ಅದಕ್ಕೆ. ಯಾವ ಕಾಡಿನಲ್ಲಿ ವೈರಸ್ ಓಡಾಡುತ್ತಿದೆ ಅಂತ ನಮಗೆ ಮೊದಲು ಹೇಳೋದು ಸತ್ತ ಮಂಗ. ಮನುಷ್ಯರಿಗೆ ಜ್ವರ ಬಂದ ಮೇಲೆ ತಿಳಿದರೆ ತಡವಾಯಿತು.

ಇನ್ನೊಂದು, ಜನ ತಪ್ಪು ತಿಳಿಯೋದು ಇಲ್ಲೇ. ಕಾಯಿಲೆ ಹರಡೋದು ರಕ್ತ ಹೀರುವ ಉಣುಗಿನಿಂದ. ಮಂಗ ಸತ್ತು ಮೈ ತಣ್ಣಗಾದರೆ ಅದರ ಮೈಮೇಲಿನ ಉಣುಗು ಇಳಿದು ಸುತ್ತಲಿನ ದರಗಿನಲ್ಲಿ, ಅಂದರೆ ಉದುರಿದ ಒಣ ಎಲೆಯಲ್ಲಿ, ಸೇರಿಕೊಳ್ಳುತ್ತವೆ. ಹಸಿದಿರುತ್ತವೆ. ಅಲ್ಲಿ ಯಾರು ಕಾಲಿಟ್ಟರೂ ಹತ್ತುತ್ತವೆ, ದನಕ್ಕೂ ಹತ್ತುತ್ತವೆ. ಡಿಸೆಂಬರಿನಿಂದ ಮೇ ತನಕ ಮರಿ ಉಣುಗಿನ ಕಾಲ. ಸಾಸಿವೆ ಕಾಳಿಗಿಂತ ಸಣ್ಣ, ಕಚ್ಚಿದ್ದೂ ಗೊತ್ತಾಗಲ್ಲ. ಅದೇ ಹೊತ್ತಿಗೆ ನಮ್ಮ ಹೆಂಗಸರು ಕೊಟ್ಟಿಗೆಗೆ ದರಗು ಗುಡಿಸಲು ಹೋಗೋದು. ಹೋಗುವ ಮುಂಚೆ ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ ಅಂತ ಮನೆಮನೆಗೆ ಹೇಳಿ ಗಂಟಲು ಹರಿದುಹೋಗಿದೆ.

ಮೆರವಣಿಗೆಗೆ ಹೋದ ಮಕ್ಕಳ ಪಟ್ಟಿ ಮಾಡಿ. ಜ್ವರ, ತಲೆನೋವು, ಮೈಕೈ ನೋವು ಬಂದರೆ ರಕ್ತಪರೀಕ್ಷೆ ಮಾಡಿಸಿ. ಗುಡಿ ವಿಷಯ ಆಮೇಲೆ.

ತೋಟದಮನೆ

ಇಲ್ಲಿ ಎಲ್ಲರೂ ಭಕ್ತರ ಮೇಲೇ ಬೀಳ್ತೀರಿ. ವಿಜ್ಞಾನ ಏನು ಕಡಿದು ಕಟ್ಟೆ ಹಾಕಿದೆ ಹೇಳಿ ನೋಡೋಣ? 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ ವೈರಸ್ ಕಂಡುಹಿಡಿದರು. ಕಾಡಿನ ಹೆಸರನ್ನೇ ಕಾಯಿಲೆಗೆ ಇಟ್ಟರು. ಇವತ್ತಿಗೂ ಔಷಧಿ ಇಲ್ಲ. ವರ್ಷಗಟ್ಟಲೆ ಚುಚ್ಚಿದ ಲಸಿಕೆಯಲ್ಲಿ ದಮ್ಮಿಲ್ಲ ಅಂತ ಅವರೇ ನಿಲ್ಲಿಸಿದರು. 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಇದೇ ಕಾಯಿಲೆಯಿಂದ ಜನ ಸಾಯುವಾಗ ದೊಡ್ಡವರು ಬಂದು ಕೈಮುಗಿದು ಹೋದರು. ಅಂಥ ಹೊತ್ತಿನಲ್ಲಿ ಊರಿನವರು ಹನುಮಂತನ ಕಾಲು ಹಿಡಿದರೆ ತಪ್ಪೇನು?

ದರಗಿನ ದಾರಿ

ಅಣ್ಣ, ಕಾಲು ಹಿಡಿಯಲಿ. ಗುಡಿಯಲ್ಲಿ ಹಿಡಿಯಲಿ. ಸತ್ತ ಮಂಗನ ಕಾಲು ಬೇಡ ಅನ್ನೋದಷ್ಟೇ ನಾನು.

ಲಸಿಕೆ ವಿಷಯ ನೀವು ಹೇಳಿದ್ದು ಸರಿ. ಆ ಬೈಗುಳ ಮನೆ ಬಾಗಿಲಲ್ಲಿ ತಿನ್ನುವವರು ನಾವೇ. ಆದರೆ ಅದು ಕೆಲಸ ಮಾಡುತ್ತಿಲ್ಲ ಅಂತ ತಿಳಿದದ್ದೂ ಪರೀಕ್ಷೆಯಿಂದಲೇ ಅಲ್ವಾ? ಹೊಸ ಲಸಿಕೆಯ ಕೆಲಸ ಶುರುವಾಗಿದ್ದೂ ಅದಕ್ಕೇ. ಕೈಯಲ್ಲಿ ಲಸಿಕೆ ಇಲ್ಲದಿದ್ದಾಗ ಇರೋ ದಾರಿ ಎಣ್ಣೆ ಮತ್ತು ಎಚ್ಚರಿಕೆ, ಎರಡೇ.

ಸೊರಬದ ಮಾಷ್ಟ್ರು (ನಿವೃತ್ತ)

ತಂಗಿ, ನಿಮ್ಮ ಮುಖಂಡರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಮೇಲಿನವರಿಂದ ಕಲಿತದ್ದು ಅವರು. 2012ರಲ್ಲಿ ಮಳೆ ಕೈಕೊಟ್ಟಾಗ ಮುಜರಾಯಿ ದೇವಸ್ಥಾನಗಳಲ್ಲಿ ಪೂಜೆ ಮಾಡಿಸಲು ಸರ್ಕಾರವೇ ದುಡ್ಡು ಕೊಟ್ಟಿತು. 2019ರಲ್ಲಿ ಬೇರೆ ಪಕ್ಷಗಳ ಸರ್ಕಾರ, ಆಗಲೂ ಮಳೆಗಾಗಿ ಪರ್ಜನ್ಯ ಜಪ ಮಾಡಿಸಲು ಮುಜರಾಯಿ ಇಲಾಖೆಯಿಂದ ಆದೇಶ. ಮಳೆ ದೇವರು ಅಂತ ನಂಬುವ ಕಿಗ್ಗದ ಋಷ್ಯಶೃಂಗನ ಗುಡಿಗೆ ಮಂತ್ರಿಗಳೇ ಬಂದರು. ಅದೇ ವರ್ಷ ಮೋಡ ಬಿತ್ತನೆಗೆ ವಿಮಾನವನ್ನೂ ಹಾರಿಸಿದರು. ಆಗಸ್ಟಿನಲ್ಲಿ ಮಲೆನಾಡೇ ನೆರೆಯಲ್ಲಿ ಮುಳುಗಿತು. ಯಾರ ಲೆಕ್ಕಕ್ಕೆ ಬರೆದುಕೊಂಡರೋ! ಎರಡೂ ಕಡೆ ಒಂದೊಂದು ಕಾಲಿಟ್ಟರೆ ಯಾರೂ ಬೈಯುವುದಿಲ್ಲ ಅಂತ ಅವರಿಗೆ ಗೊತ್ತು.

ವೈಜ್ಞಾನಿಕ ಮನೋಭಾವ ಬೆಳೆಸುವುದು ಪ್ರಜೆಯ ಕರ್ತವ್ಯ ಅಂತ ಸಂವಿಧಾನಕ್ಕೆ 1976ರಲ್ಲಿ ಸೇರಿಸಿದ್ದಾರೆ, 51ಎ ವಿಧಿ. ಸಭೆಯಲ್ಲಿ ಅದನ್ನು ಓದಬೇಡಿ, ಯಾರೂ ಕೇಳುವುದಿಲ್ಲ. ಮೌಢ್ಯ ನಿಷೇಧ ಕಾಯ್ದೆ 2020ರಲ್ಲಿ ಜಾರಿಗೆ ಬಂತು, ನಿಮ್ಮ ಕೇಸಿಗೆ ಅದೂ ಬರಲ್ಲ. ನಿಮಗೆ ಬೇಕಾದದ್ದು ಸುಪ್ರೀಂ ಕೋರ್ಟಿನ 2009ರ ಆದೇಶ: ರಸ್ತೆ, ಪಾರ್ಕಿನಂಥ ಸಾರ್ವಜನಿಕ ಜಾಗದಲ್ಲಿ ಹೊಸದಾಗಿ ಗುಡಿ, ಮಸೀದಿ, ಚರ್ಚ್ ಯಾವುದನ್ನೂ ಕಟ್ಟುವ ಹಾಗಿಲ್ಲ. ಪಿಡಿಒ ಅವರಿಗೆ ಬರಹದಲ್ಲಿ ಕೊಡಿ. ನಿಮ್ಮ ವಿರೋಧವನ್ನು ನಡಾವಳಿಯಲ್ಲಿ ಬರೆಯಿಸಿ. ಆಡಿಟ್ ಅಂದರೆ ದೇವರಿಗಿಂತ ಜಾಸ್ತಿ ಹೆದರುತ್ತಾರೆ.

ಆದರೆ ಪೊಲೀಸರನ್ನು ಮಾತ್ರ ಕರೆಸಬೇಡಿ. 1986ರಲ್ಲಿ ನಮ್ಮ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದಾಗ ಜನ ಪೊಲೀಸರ ಮೇಲೇ ತಿರುಗಿಬಿದ್ದರು. ಸೇವೆ ನಿಷೇಧವಾಯಿತು, ಒಳ್ಳೆಯದೇ ಆಯಿತು. ಆ ದಿನದ ಗಾಯ ಮಾತ್ರ ಬೇಗ ಮಾಯಲಿಲ್ಲ.

ಹಿನ್ನೀರಿನ ಅಕ್ಕ

ಎಲ್ಲರಿಗೂ ನಮಸ್ಕಾರ. ಮಕ್ಕಳ ಪಟ್ಟಿ ಮಾಡಿ ಆಯಿತು. ಸದ್ಯ ಯಾರಿಗೂ ಜ್ವರ ಇಲ್ಲ.

ನಿನ್ನೆ ನಮ್ಮ ಊರಿನ ಹಳೇ ಆಂಜನೇಯ ಗುಡಿಯ ಭಟ್ಟರ ಹತ್ತಿರ ಮಾತಾಡಿದೆ. ಅವರಿಗೂ ಈ ಹೊಸ ಗುಡಿ ಇಷ್ಟವಿಲ್ಲ. (ಕಾಣಿಕೆ ಹಂಚಿಹೋಗುತ್ತೆ ಅನ್ನೋದೂ ಒಂದು ಕಾರಣ ಇರಬಹುದು. ನನಗೇನು, ನನ್ನ ಪರ ಇದ್ದಾರಲ್ಲ.) ಮುಂದೆ ಮಂಗ ಸತ್ತರೆ ಹೆಣದ ಹತ್ತಿರ ಹೋಗುವುದು ಬೇಡ, ಗುಡಿಯಲ್ಲೇ ಹೆಸರು ಹೇಳಿ ಪೂಜೆ ಮಾಡಿಕೊಡುತ್ತೇನೆ ಅಂದರು. ಸ್ಯಾಂಪಲ್ ತೆಗೆದ ಮೇಲೆ ಹೆಣ ಸುಡುತ್ತಾರೆ ಅಂತ ಹೇಳಿದೆ. "ದಹನವೂ ಸಂಸ್ಕಾರವೇ ಅಲ್ವೇನಮ್ಮ" ಅಂದರು. ಈ ಮಾತು ನನಗೆ ಹೊಳೆದಿರಲಿಲ್ಲ. ಸಭೆಗೆ ಬಂದು ಅದನ್ನೇ ಹೇಳಿ ಅಂದರೆ, ರಾಜಕೀಯ ಬೇಡ ಅಂತ ಹಿಂದೆ ಸರಿದರು. ಮಾತಾಡಲು ಮತ್ತೆ ನಾನೇ!

ತೋಟದಮನೆ ಅಣ್ಣ, ಲಸಿಕೆ ಯಾಕೆ ಬರಲಿಲ್ಲ ಅಂತ ಕೇಳುವ ಪತ್ರವನ್ನೂ ಅದೇ ಸಭೆಯಲ್ಲಿ ಇಡುತ್ತೇನೆ. ಸಹಿ ಹಾಕುವವರ ಸಾಲಿನಲ್ಲಿ ಮುಖಂಡರ ಹೆಸರು ಮೊದಲು ಹಾಕಲಾ ಅಂತ ಯೋಚನೆ. ಬೇಕಾದರೆ ಅದರದ್ದೂ ಫೋಟೋ ತೆಗೆಸಿಕೊಳ್ಳಲಿ.

ತೋಟದಮನೆ

ಪತ್ರ ಬರೆದರೆ ಹೇಳಿ. ನಮ್ಮ ಪಂಚಾಯಿತಿಯಿಂದಲೂ ಒಂದು ಕಳಿಸಬಹುದು. ಗುಡಿ ವಿಷಯದಲ್ಲಿ ಮಾತ್ರ ನಾನು ನಿಮ್ಮ ಪರ ಇಲ್ಲ.